ಲಿನಕ್ಸ್‌ನಲ್ಲಿ ಕನ್ನಡ ಅಕ್ಷರಗಳು ಕೆಟ್ಟು ಕಂಡಾಗ ದೋಷವನ್ನು ಹುಡುಕುವ ಬಗೆ

ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕಾಣದಿದ್ದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಕೈಗೆ ಸಿಕ್ಕಿದ ಫಾಂಟುಗಳನ್ನೆಲ್ಲ ಹಾಕಿ ನೋಡುವುದು; ಅದರಿಂದಲೂ ಸರಿಹೋಗದಿದ್ದರೆ ಇಡೀ ವ್ಯವಸ್ಥೆಯನ್ನು ಅಳಿಸಿ ಮತ್ತೆ ಹಾಕುವುದು. ಎರಡೂ ಬಹುಮಟ್ಟಿಗೆ ಅನಗತ್ಯ. ಕಡತದಲ್ಲಿರುವ ಅಕ್ಷರವೊಂದು ಪರದೆಗೆ ಬರುವ ಮುನ್ನ ನಾಲ್ಕು ಹಂತಗಳನ್ನು ದಾಟಬೇಕಾಗುತ್ತದೆ. ಅದನ್ನು ಯಾವ ಸಂಕೇತಕ್ರಮದಲ್ಲಿ ಬರೆದಿಡಲಾಗಿದೆ ಎಂಬುದು ಮೊದಲನೆಯದು. ವ್ಯವಸ್ಥೆಯು ಆ ಬೈಟುಗಳನ್ನು ಯಾವ ಸಂಕೇತಕ್ರಮವೆಂದು ಭಾವಿಸಿ ಓದುತ್ತದೆ ಎಂಬುದು ಎರಡನೆಯದು. ಓದಿದ ಅಕ್ಷರಕ್ಕೆ ಫಾಂಟಿನಲ್ಲಿ ರೂಪವಿದೆಯೇ ಎಂಬುದು ಮೂರನೆಯದು. ಗುಣಿತ, ಒತ್ತು, ಅರ್ಕಾವೊತ್ತುಗಳನ್ನು ಅವುಗಳ ಸ್ಥಾನದಲ್ಲಿ ಕೂರಿಸುವ ಜೋಡಣೆ ಸರಿಯಾಗಿದೆಯೇ ಎಂಬುದು ಕೊನೆಯದು. ದೋಷ ಇವುಗಳಲ್ಲಿ ಎಲ್ಲಿದೆ ಎಂಬುದನ್ನು ಪರದೆಯ ಮೇಲೆ ಕೆಟ್ಟು ಕಾಣುವ ಅಕ್ಷರವೇ ತಿಳಿಸುತ್ತದೆ. ಆದ್ದರಿಂದ ಏನನ್ನೂ ಬದಲಾಯಿಸುವ ಮುನ್ನ ಅದನ್ನು ಗಮನವಿಟ್ಟು ನೋಡಬೇಕು.

ಇಲ್ಲಿನ ಉದಾಹರಣೆಗಳು ಕೊಡಗಿನ ತೋಟದ ಕಚೇರಿ, ಶಾಲೆ ಮತ್ತು ಮನೆಗಳಲ್ಲಿ ಎದುರಾಗುವಂಥವು: ತೋಟದ ಗುಮಾಸ್ತರಾದ ರೈಟರು ಕಳುಹಿಸಿದ ಚೆಕ್‌ರೋಲಿನ (ಕೂಲಿಯವರ ಹಾಜರಿಯ) ಪಟ್ಟಿ, ಒಕ್ಕದ (ಕೊಡವ ಕುಲದ) ಹಿರಿಯರು ಹಿಂದೆಂದೋ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿಟ್ಟ ವಂಶಾವಳಿ, ಪೆನ್‌ಡ್ರೈವಿನಲ್ಲಿ ಬಂದ ಕಡತಗಳು. ಕೊಡವ ತಕ್ಕನ್ನು (ಕೊಡವ ಭಾಷೆಯನ್ನು) ಕನ್ನಡ ಲಿಪಿಯಲ್ಲಿ ಬರೆಯುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ, ಏಕೆಂದರೆ ಫಾಂಟು, ಜೋಡಣೆ, ಕೀಲಿಮಣೆ ಎಲ್ಲವೂ ಲಿಪಿಗೆ ಸಂಬಂಧಿಸಿದವು, ಭಾಷೆಗಲ್ಲ. ಆದೇಶಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡದಲ್ಲೇ ಬರೆಯಲಾಗಿದೆ; ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಕೊಡುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೂ, ಲ್ಯಾಂಗ್, ಎಲ್‌ಸಿ_ಆಲ್ ಮುಂತಾದ ಚರಗಳ ಹೆಸರನ್ನು ದೊಡ್ಡ ಅಕ್ಷರಗಳಲ್ಲಿಯೂ ಟೈಪ್ ಮಾಡಬೇಕು.

ಕೆಟ್ಟ ಅಕ್ಷರವನ್ನು ಓದುವುದು

ಅಕ್ಷರವಿರಬೇಕಾದ ಜಾಗದಲ್ಲಿ ಚೌಕವೊಂದು ಕಂಡು, ಅದರೊಳಗೆ ಸಣ್ಣದಾಗಿ 0ಸಿ95 ಎಂಬಂತೆ ನಾಲ್ಕು ಗುರುತುಗಳಿದ್ದರೆ ಸಮಾಧಾನಪಡಬಹುದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾಗಿರುವುದು 0ಸಿ80ರಿಂದ 0ಸಿಎಫ್ಎಫ್ ವರೆಗಿನ 128 ಸ್ಥಾನಗಳು. ಅವುಗಳಲ್ಲಿ 0ಸಿ95 ಎಂಬುದು ‘ಕ’. ಅಂದರೆ ಕಡತ ಸರಿಯಾಗಿದೆ, ವ್ಯವಸ್ಥೆ ಅದನ್ನು ಸರಿಯಾಗಿಯೇ ಓದಿದೆ, ಬರೆದು ತೋರಿಸಲು ಫಾಂಟು ಮಾತ್ರ ಇಲ್ಲ.

ಕನ್ನಡದ ಬದಲು ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷಿನ ಸಣ್ಣ ‘ಎ’, ಅದರ ಪಕ್ಕದಲ್ಲಿ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3, ಬಳಿಕ ಇನ್ನೊಂದು ವಿಚಿತ್ರ ಚಿಹ್ನೆ, ಹೀಗೆ ಮೂರು ಮೂರರ ಗುಂಪುಗಳು ಸಾಲಾಗಿ ಕಂಡರೆ ದೋಷ ಎರಡನೆಯ ಹಂತದ್ದು. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟು ಬೇಕು. ‘ಕ’ ಅಕ್ಷರದ ಬೈಟುಗಳು ಇ0, ಬಿ2, 95. ಕನ್ನಡದ ಎಲ್ಲ ಸಂಕೇತಗಳೂ ಇ0 ಬಿ2 ಅಥವಾ ಇ0 ಬಿ3 ಎಂದೇ ಆರಂಭವಾಗುತ್ತವೆ. ಇವನ್ನು ಪಶ್ಚಿಮ ಯುರೋಪಿನ ಹಳೆಯ ಸಂಕೇತಕ್ರಮವೆಂದು ಓದಿದರೆ ಇ0 ಎಂಬುದು ಗೀಟಿನ ‘ಎ’ ಆಗಿಯೂ, ಬಿ2 ಮತ್ತು ಬಿ3 ಎಂಬವು ವರ್ಗ, ಘನಗಳ ಗುರುತಾಗಿಯೂ ಕಾಣುತ್ತವೆ. ಬೈಟುಗಳಿಗೆ ಇನ್ನೂ ಏನೂ ಆಗಿಲ್ಲ. ಆದರೆ ಈ ಸ್ಥಿತಿಯಲ್ಲಿ ಕಡತವನ್ನು ಉಳಿಸಬಾರದು.

ದೊಡ್ಡ ‘ಪಿ’, ಗೀಟಿರುವ ದೊಡ್ಡ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ಜೋಡಿ ‘ಎಸ್’ ಮುಂತಾದವು ಬೆರೆತು ಕಂಡರೆ ಅದು ಯೂನಿಕೋಡೇ ಅಲ್ಲ. ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ರೂಪ ಕೊಟ್ಟಿರುವ, ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದ ಪದವು ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಹೀಗೆಯೇ ಕಾಣುತ್ತದೆ. ಮೇಲಿನ ಬಗೆಯಲ್ಲಿ ಸಣ್ಣ ‘ಎ’, ಇದರಲ್ಲಿ ದೊಡ್ಡ ‘ಎ’ ಮತ್ತು ಪೌಂಡಿನ ಗುರುತು ಎಂಬ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಎರಡನ್ನೂ ನೋಡಿದ ಕ್ಷಣದಲ್ಲೇ ಬೇರ್ಪಡಿಸಬಹುದು.

ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಕಂಡಾಗ ಮಾತ್ರ ಆತಂಕಕ್ಕೆ ಕಾರಣವಿದೆ. ಅವು ತೋರಿಕೆಗೆ ಮಾತ್ರವೋ, ಕಡತದಲ್ಲೇ ಹಾಗೆ ಬರೆದುಹೋಗಿವೆಯೋ ಎಂದು ತಿಳಿಯಲು ‘ಹೆಕ್ಸ್‌ಡಂಪ್ ಹೈಫನ್ ದೊಡ್ಡ ಸಿ’ ಎಂಬ ಆದೇಶಕ್ಕೆ ಕಡತದ ಹೆಸರನ್ನು ಕೊಟ್ಟು ನೋಡಬೇಕು. ಇ0 ಬಿ2, ಇ0 ಬಿ3 ಎಂಬ ಜೋಡಿಗಳು ಕಂಡರೆ ಕನ್ನಡ ಒಳಗೆ ಭದ್ರವಾಗಿದೆ. ಸಾಲು ಸಾಲಾಗಿ 3ಎಫ್ ಎಂದಷ್ಟೇ ಇದ್ದರೆ ಅಕ್ಷರಗಳನ್ನು ಯಾವುದೋ ತಂತ್ರಾಂಶ ಈಗಾಗಲೇ ಪ್ರಶ್ನಾರ್ಥಕಗಳಾಗಿ ಬದಲಿಸಿ ಉಳಿಸಿದೆ. ಅದನ್ನು ಯಾವ ಸೆಟಿಂಗ್‌ನಿಂದಲೂ ಮರಳಿ ಪಡೆಯಲಾಗದು.

ಲೊಕೇಲ್: ಮೊದಲು ಪರೀಕ್ಷಿಸಬೇಕಾದ ಸೆಟಿಂಗ್

ಟರ್ಮಿನಲ್‌ನಲ್ಲಿ ಕಡತಗಳ ಪಟ್ಟಿ ತೆಗೆದಾಗ ಕನ್ನಡ ಹೆಸರಿನ ಬದಲು ಹಿಂಬಾಗುಗೆರೆಗಳ ನಡುವೆ 340, 262, 225 ಎಂಬಂಥ ಮೂರಂಕಿಯ ಸಂಖ್ಯೆಗಳು ಕಂಡರೆ ಅವು ಮೇಲೆ ಹೇಳಿದ ‘ಕ’ ಅಕ್ಷರದ ಬೈಟುಗಳೇ, ಎಂಟರ ಪದ್ಧತಿಯಲ್ಲಿ ಬರೆದವು. ಕಡತದ ಹೆಸರು ಹಾಳಾಗಿಲ್ಲ; ವ್ಯವಸ್ಥೆಯ ಲೊಕೇಲ್, ಅಂದರೆ ಭಾಷೆ, ದೇಶ, ಸಂಕೇತಕ್ರಮಗಳ ಸೆಟಿಂಗ್, ‘ಸಿ’ ಅಥವಾ ‘ಪಾಸಿಕ್ಸ್’ ಎಂಬ ಮೂಲಸ್ಥಿತಿಯಲ್ಲಿ ಉಳಿದಿರುವುದರಿಂದ, ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿಯ ಹೊರಗಿನ ಯಾವುದನ್ನೂ ಅದು ಅಕ್ಷರವೆಂದು ಒಪ್ಪುತ್ತಿಲ್ಲ. ಇದನ್ನು ಖಚಿತಪಡಿಸಿಕೊಳ್ಳಲು ‘ಲೊಕೇಲ್ ಚಾರ್‌ಮ್ಯಾಪ್’ ಎಂಬ ಆದೇಶ ಸಾಕು. ಉತ್ತರವಾಗಿ ಯುಟಿಎಫ್-8 ಎಂದು ಬಂದರೆ ಈ ಹಂತ ಸರಿಯಿದೆ. ಆನ್ಸಿ_ಎಕ್ಸ್3.4-1968 ಎಂದು ಬಂದರೆ, ಅದು ಆಸ್ಕಿಯ 1968ರ ಮಾನಕದ ಹೆಸರು. ಕಂಪ್ಯೂಟರು ಕನ್ನಡ ಎಂಬುದೊಂದಿದೆ ಎಂದೇ ಅರಿಯದ ಸ್ಥಿತಿಯಲ್ಲಿದೆ ಎಂದರ್ಥ. ಗ್ನೋಮ್ ಎಂಬ ಡೆಸ್ಕ್‌ಟಾಪಿನ ಟರ್ಮಿನಲ್ ಕ್ಲಿಕ್ ಮಾಡಿದರೂ ತೆರೆದುಕೊಳ್ಳದೆ ಸುಮ್ಮನಿರುವುದಕ್ಕೆ ಕೆಲವೊಮ್ಮೆ ಇದೇ ಕಾರಣ, ಏಕೆಂದರೆ ಯುಟಿಎಫ್-8 ಅಲ್ಲದ ಲೊಕೇಲಿನಲ್ಲಿ ಅದು ಕೆಲಸವನ್ನೇ ಆರಂಭಿಸುವುದಿಲ್ಲ.

ಅನಂತರ ‘ಲೊಕೇಲ್’ ಎಂದಷ್ಟೇ ಟೈಪ್ ಮಾಡಿದರೆ ಹತ್ತಾರು ಸಾಲುಗಳು ಬರುತ್ತವೆ. ಇವುಗಳಲ್ಲಿ ಅಕ್ಷರಗಳನ್ನು ನಿರ್ಧರಿಸುವುದು ಎಲ್‌ಸಿ_ಸಿಟೈಪ್, ಸಂದೇಶಗಳ ಭಾಷೆಯನ್ನು ನಿರ್ಧರಿಸುವುದು ಎಲ್‌ಸಿ_ಮೆಸೇಜಸ್, ದಿನ ತಿಂಗಳುಗಳ ಹೆಸರನ್ನು ನಿರ್ಧರಿಸುವುದು ಎಲ್‌ಸಿ_ಟೈಮ್. ಪಟ್ಟಿಯಲ್ಲಿ ಬಹುತೇಕರು ಗಮನಿಸದೆ ಬಿಡುವ ಸಂಗತಿಯೊಂದಿದೆ: ಕೆಲವು ಮೌಲ್ಯಗಳು ಉದ್ಧರಣ ಚಿಹ್ನೆಗಳ ನಡುವೆ ಇರುತ್ತವೆ, ಕೆಲವು ಇರುವುದಿಲ್ಲ. ಚಿಹ್ನೆಗಳ ನಡುವೆ ಇರುವುದು ಲ್ಯಾಂಗ್ ಅಥವಾ ಎಲ್‌ಸಿ_ಆಲ್ ಎಂಬ ಚರದಿಂದ ತಾನಾಗಿ ಬಂದ ಮೌಲ್ಯ; ಚಿಹ್ನೆಗಳಿಲ್ಲದ್ದು ಯಾರೋ ಎಲ್ಲಿಯೋ ಪ್ರತ್ಯೇಕವಾಗಿ ಬರೆದಿಟ್ಟ ಮೌಲ್ಯ. ಲ್ಯಾಂಗ್ ಬದಲಾಯಿಸಿದರೂ ಒಂದು ಸಾಲು ಮಾತ್ರ ಬದಲಾಗದಿದ್ದರೆ ಅದನ್ನು ಬೇರೆಡೆ ಹುಡುಕಬೇಕೆಂಬುದು ಇದರಿಂದ ತಿಳಿಯುತ್ತದೆ. ಇವುಗಳ ಅಧಿಕಾರದ ಕ್ರಮ ಸ್ಪಷ್ಟವಾಗಿದೆ: ಎಲ್‌ಸಿ_ಆಲ್ ಎಲ್ಲಕ್ಕಿಂತ ಮೇಲು, ಅದು ಖಾಲಿಯಿದ್ದರೆ ಆಯಾ ಎಲ್‌ಸಿ ಚರ, ಅದೂ ಇಲ್ಲದಿದ್ದರೆ ಲ್ಯಾಂಗ್. ಎಲ್‌ಸಿ_ಆಲ್ ಅನ್ನು ಒಂದು ಆದೇಶದ ಮಟ್ಟಿಗೆ ಪರೀಕ್ಷೆಗಾಗಿ ಬಳಸಬೇಕೇ ಹೊರತು, ಟರ್ಮಿನಲ್ ತೆರೆದಾಗಲೆಲ್ಲ ಓದಲಾಗುವ ಬ್ಯಾಶ್‌ಆರ್‌ಸಿ ಕಡತದಲ್ಲಿ ಶಾಶ್ವತವಾಗಿ ಬರೆದಿಡಬಾರದು. ಅಂತರ್ಜಾಲದಲ್ಲಿ ಸಿಗುವ ಸಲಹೆಗಳು ಹಲವು ವೇಳೆ ಹಾಗೆಯೇ ಬರೆದಿಡಲು ಹೇಳುತ್ತವೆ; ಮುಂದೆ ಸೆಟಿಂಗ್ ಕಿಟಕಿಯಲ್ಲಿ ಏನು ಬದಲಾಯಿಸಿದರೂ ಫಲ ಕಾಣದೆ ತಲೆಕೆಡಿಸಿಕೊಳ್ಳುವವರ ಕಂಪ್ಯೂಟರಿನಲ್ಲಿ ಆ ಸಾಲು ಕೂತಿರುತ್ತದೆ.

‘ಲೊಕೇಲ್’ ಆದೇಶಕ್ಕೆ ಉತ್ತರವಾಗಿ ಪಟ್ಟಿಯ ಮೇಲೆ, ಎಲ್‌ಸಿ_ಸಿಟೈಪ್ ಅನ್ನು ಹೊಂದಿಸಲಾಗಲಿಲ್ಲ, ಅಂಥ ಕಡತ ಅಥವಾ ಡೈರೆಕ್ಟರಿ ಇಲ್ಲ ಎಂಬ ಅರ್ಥದ ಎಚ್ಚರಿಕೆ ಬಂದರೆ, ಕೇಳಿದ ಲೊಕೇಲ್ ಆ ಕಂಪ್ಯೂಟರಿನಲ್ಲಿ ಸಿದ್ಧಗೊಂಡಿಲ್ಲ. ಸಿದ್ಧವಿರುವವುಗಳ ಪಟ್ಟಿಯನ್ನು ‘ಲೊಕೇಲ್ ಹೈಫನ್ ಎ’ ತೋರಿಸುತ್ತದೆ. ಭಾರತದ ಕನ್ನಡದ ಲೊಕೇಲಿನ ಹೆಸರು ಕೆಎನ್_ಐಎನ್, ಭಾರತದ ಇಂಗ್ಲಿಷಿನದು ಇಎನ್_ಐಎನ್ (ಕೊನೆಯ ‘ಐಎನ್’ ದೊಡ್ಡ ಅಕ್ಷರಗಳಲ್ಲಿ). ಡೆಬಿಯನ್‌ನಲ್ಲಿ ‘ಸುಡೂ ಡಿಪಿಕೆಜಿ-ರೀಕಾನ್ಫಿಗರ್ ಲೊಕೇಲ್ಸ್’ ಎಂಬ ಆದೇಶ ಕೊಟ್ಟರೆ ಉದ್ದನೆಯ ಪಟ್ಟಿಯೊಂದು ತೆರೆಯುತ್ತದೆ. ಅದರಲ್ಲಿ ಬೇಕಾದವುಗಳ ಮುಂದೆ ಸ್ಪೇಸ್ ಕೀಲಿಯಿಂದ ಗುರುತು ಹಾಕಿ ಮುಂದುವರಿಯಬೇಕು. ಉಬುಂಟುವಿನಲ್ಲಿ ‘ಸುಡೂ ಲೊಕೇಲ್-ಜೆನ್’ ಆದೇಶದ ಮುಂದೆ ಲೊಕೇಲಿನ ಹೆಸರು ಬರೆದರೆ ಸಾಕು. ಫೆಡೋರಾದಲ್ಲಿ ‘ಜಿಲಿಬ್‌ಸಿ-ಲ್ಯಾಂಗ್‌ಪ್ಯಾಕ್-ಕೆಎನ್’ ಎಂಬ ಪ್ಯಾಕೇಜನ್ನು ಡಿಎನ್ಎಫ್ ಮೂಲಕ ಹಾಕಬೇಕು. ಬಳಿಕ ‘ಸುಡೂ ಲೊಕೇಲ್‌ಸಿಟಿಎಲ್ ಸೆಟ್-ಲೊಕೇಲ್’ ಎಂದು ಬರೆದು ಲ್ಯಾಂಗ್ ಚರಕ್ಕೆ ಮೌಲ್ಯ ಕೊಟ್ಟು, ಲಾಗ್ಔಟ್ ಆಗಿ ಮತ್ತೆ ಒಳಬರಬೇಕು. ತೆರೆದೇ ಇರುವ ಕಿಟಕಿಗಳಿಗೆ ಹೊಸ ಮೌಲ್ಯ ತಲುಪುವುದಿಲ್ಲ.

ಲ್ಯಾಂಗ್‌ಗೆ ಕನ್ನಡವನ್ನು ಕೊಡಬೇಕೋ ಇಂಗ್ಲಿಷನ್ನೋ ಎಂಬುದು ಅಭಿರುಚಿಯ ವಿಷಯ. ಕನ್ನಡ ಅಕ್ಷರಗಳು ಸರಿಯಾಗಿ ಕಾಣುವುದಕ್ಕೆ ಮೆನುಗಳು ಕನ್ನಡದಲ್ಲಿರಬೇಕಾದ ಅಗತ್ಯವೇ ಇಲ್ಲ. ಯುಟಿಎಫ್-8 ಆಗಿರುವ ಯಾವ ಲೊಕೇಲಾದರೂ ನಡೆಯುತ್ತದೆ. ಹಲವರು ಬಳಸುವ ಕಚೇರಿಯ ಕಂಪ್ಯೂಟರಿನಲ್ಲಿ ಲ್ಯಾಂಗ್ ಅನ್ನು ಇಎನ್_ಐಎನ್ ಎಂದಿಟ್ಟು ಎಲ್‌ಸಿ_ಟೈಮ್ ಒಂದನ್ನು ಕೆಎನ್_ಐಎನ್ ಮಾಡುವುದು ಅನುಕೂಲವೆಂದು ನನ್ನ ಅಭಿಪ್ರಾಯ. ದೋಷದ ಸಂದೇಶಗಳು ಇಂಗ್ಲಿಷಿನಲ್ಲಿದ್ದರೆ ಅವುಗಳ ಪರಿಹಾರ ಹುಡುಕುವುದು ಸುಲಭ. ಆದರೆ ಲಿನಕ್ಸ್ ಹಾಕುವಾಗ ಅಮೆರಿಕದ ಇಂಗ್ಲಿಷನ್ನು ಆರಿಸಿ ಹಾಗೆಯೇ ಬಿಡುವುದು ಒಳ್ಳೆಯದಲ್ಲ. ಅದರೊಂದಿಗೆ ಕಾಗದದ ಅಳತೆಯೂ 210 ಮತ್ತು 297 ಮಿಲಿಮೀಟರಿನ ಎ4 ಬದಲು 216 ಮತ್ತು 279 ಮಿಲಿಮೀಟರಿನ ಲೆಟರ್ ಆಗುತ್ತದೆ, ಮುದ್ರಿಸಿದ ಪುಟದ ಅಂಚಿನ ಸಾಲುಗಳು ಯಾಕೆ ಜಾರಿದವೆಂದು ಪ್ರಿಂಟರನ್ನು ಬಯ್ಯುವಂತಾಗುತ್ತದೆ. ಕನ್ನಡ ಮೆನುಗಳೇ ಬೇಕೆನ್ನುವವರು ಉಬುಂಟುವಿನಲ್ಲಿ ‘ಲ್ಯಾಂಗ್ವೇಜ್-ಪ್ಯಾಕ್-ಕೆಎನ್’ ಮತ್ತು ‘ಲ್ಯಾಂಗ್ವೇಜ್-ಪ್ಯಾಕ್-ಗ್ನೋಮ್-ಕೆಎನ್’ ಪ್ಯಾಕೇಜುಗಳನ್ನು ಹಾಕಿಕೊಳ್ಳಬೇಕು. ಅನುವಾದ ಆಗದೆ ಉಳಿದ ಭಾಗಗಳು ಇಂಗ್ಲಿಷಿನಲ್ಲೇ ಕಾಣುತ್ತವೆ, ಅದು ದೋಷವಲ್ಲ.

ಎಸ್ಎಸ್ಎಚ್ ಮೂಲಕ ದೂರದ ಸರ್ವರ್‌ಗೆ ಹೋದಾಗ ಮಾತ್ರ ಲೊಕೇಲಿನ ಎಚ್ಚರಿಕೆಗಳು ಬರುತ್ತಿದ್ದರೆ ಕಾರಣ ಬೇರೆ. ಡೆಬಿಯನ್ ಬಳಗದ ವ್ಯವಸ್ಥೆಗಳಲ್ಲಿ ಎಸ್ಎಸ್ಎಚ್ ನಮ್ಮ ಕಂಪ್ಯೂಟರಿನ ಲ್ಯಾಂಗ್ ಮತ್ತು ಎಲ್‌ಸಿ ಚರಗಳನ್ನು ತಾನಾಗಿ ಜೊತೆಗೆ ಕಳುಹಿಸುತ್ತದೆ. ಇಲ್ಲಿ ಕೆಎನ್_ಐಎನ್ ಇದ್ದು, ಅಲ್ಲಿ ಅದು ಸಿದ್ಧವಿಲ್ಲದಿದ್ದರೆ ಪರ್ಲ್ ಮುಂತಾದ ತಂತ್ರಾಂಶಗಳು ದೂರುತ್ತವೆ. ಸರ್ವರಿನಲ್ಲಿ ಅದೇ ಲೊಕೇಲನ್ನು ಸಿದ್ಧಪಡಿಸಬಹುದು. ಅದಕ್ಕೆ ಅನುಮತಿ ಇಲ್ಲದಿದ್ದರೆ ಅಲ್ಲಿ ಲ್ಯಾಂಗ್ ಅನ್ನು ಸಿ.ಯುಟಿಎಫ್-8 ಎಂದು ಇಟ್ಟುಕೊಂಡು, ಪ್ರತ್ಯೇಕ ಎಲ್‌ಸಿ ಚರಗಳೂ ಹೋಗುತ್ತಿದ್ದರೆ ಅವನ್ನು ಅಲ್ಲಿ ತೆರವುಗೊಳಿಸಿದರೆ ಕನ್ನಡವೂ ಕಾಣುತ್ತದೆ, ಎಚ್ಚರಿಕೆಗಳೂ ನಿಲ್ಲುತ್ತವೆ. ಲಿನಕ್ಸಿನ ಮೂಲ ತಂತ್ರಾಂಶ ಗ್ರಂಥಾಲಯವಾದ ಜಿಲಿಬ್‌ಸಿಯ 2.35ನೇ ಆವೃತ್ತಿಯಿಂದ, ಅಂದರೆ 2022ರಿಂದ, ಈ ಲೊಕೇಲ್ ಮೂಲದಲ್ಲೇ ಸೇರಿದೆ.

ಫಾಂಟು

ಲೊಕೇಲ್ ಸರಿಯಿದ್ದೂ ಚೌಕಗಳೇ ಕಾಣುತ್ತಿದ್ದರೆ ‘ಎಫ್‌ಸಿ-ಲಿಸ್ಟ್’ ಆದೇಶದ ಮುಂದೆ ಒಂದು ಸ್ಪೇಸ್ ಬಿಟ್ಟು, ವಿವರಣ ಚಿಹ್ನೆ (ಕೋಲನ್), ಲ್ಯಾಂಗ್, ಸಮಚಿಹ್ನೆ, ಕೆಎನ್ ಎಂದು ಸ್ಪೇಸ್ ಇಲ್ಲದೆ ಒಟ್ಟಿಗೆ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು. ಕನ್ನಡವನ್ನು ಬಲ್ಲ ಫಾಂಟುಗಳ ಪಟ್ಟಿ ಬರುತ್ತದೆ. ಏನೂ ಬರದಿದ್ದರೆ ಕನ್ನಡ ಫಾಂಟೇ ಇಲ್ಲ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಒಂದೇ ಪ್ಯಾಕೇಜು ಲೋಹಿತ್, ಗುಬ್ಬಿ ಮುಂತಾದ ಕನ್ನಡ ಫಾಂಟುಗಳನ್ನು ತರುತ್ತದೆ. ನೋಟೊ ಸಾನ್ಸ್ ಕನ್ನಡ ಮತ್ತು ನೋಟೊ ಸೆರಿಫ್ ಕನ್ನಡ ಎಂಬವು ಪರದೆಗೂ ಮುದ್ರಣಕ್ಕೂ ಒಪ್ಪುವಂಥವು. ಒಂದನ್ನೇ ಆರಿಸುವುದಾದರೆ ಮೊದಲನೆಯದು ಸಾಕು. ಎಲ್ಲವನ್ನೂ ಒಟ್ಟಿಗೆ ಹಾಕುವುದರಿಂದ ಲಾಭವಿಲ್ಲ, ಯಾವ ಕಿಟಕಿಯಲ್ಲಿ ಯಾವ ಫಾಂಟು ಬರುತ್ತದೆ ಎಂಬ ಗೊಂದಲ ಹೆಚ್ಚುತ್ತದೆ.

ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋಗಿ, ಅದರ ಹಿಂದೆಯೇ ನೆಟ್‌ವರ್ಕೂ ಹೋದಾಗ ಪ್ಯಾಕೇಜು ಇಳಿಸಿಕೊಳ್ಳಲು ಆಗದಿರಬಹುದು. ಫಾಂಟಿಗೆ ಅಂತರ್ಜಾಲವೂ ಬೇಡ, ಆಡಳಿತಗಾರರ ಪಾಸ್‌ವರ್ಡೂ ಬೇಡ. ಬೇರೆ ಕಂಪ್ಯೂಟರಿನಿಂದ ಟಿಟಿಎಫ್ ಕಡತವನ್ನು ಪೆನ್‌ಡ್ರೈವಿನಲ್ಲಿ ತಂದು, ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಆರಂಭವಾಗುವ ‘ಲೋಕಲ್’, ಅದರೊಳಗಿನ ‘ಶೇರ್’, ಅದರೊಳಗಿನ ‘ಫಾಂಟ್ಸ್’ ಎಂಬ ಫೋಲ್ಡರಿಗೆ ಹಾಕಬೇಕು. ಕೊನೆಯದು ಇಲ್ಲದಿದ್ದರೆ ಹೊಸದಾಗಿ ಮಾಡಿಕೊಳ್ಳಬೇಕು. ಚುಕ್ಕೆಯ ಫೋಲ್ಡರುಗಳು ಕಾಣಲು ಕಡತಗಳ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಬಳಿಕ ‘ಎಫ್‌ಸಿ-ಕ್ಯಾಶ್ ಹೈಫನ್ ಎಫ್’ ಆದೇಶ ಕೊಟ್ಟು, ತೆರೆದಿರುವ ತಂತ್ರಾಂಶಗಳನ್ನು ಮುಚ್ಚಿ ತೆರೆದರೆ ಫಾಂಟು ಬಳಕೆಗೆ ಬರುತ್ತದೆ.

ಫಾಂಟು ಇದ್ದರೂ ಒಂದೆರಡು ಅಕ್ಷರಗಳು ಮಾತ್ರ ಚೌಕವಾಗಿ ಕಾಣುವುದುಂಟು. ಶಾಸನಗಳ ಪಾಠ ಟೈಪ್ ಮಾಡುವವರಿಗೆ ಬೇಕಾಗುವ ನಕಾರ ಪೊಲ್ಲು (ಸ್ವರವಿಲ್ಲದ ‘ನ್’ ಅಕ್ಷರದ ಹಳೆಯ ರೂಪ) ಯೂನಿಕೋಡಿಗೆ ಸೇರಿದ್ದು 2021ರಲ್ಲಿ, ಅದಕ್ಕಿಂತ ಹಳೆಯ ಫಾಂಟುಗಳಲ್ಲಿ ಅದು ಇರುವುದು ಸಾಧ್ಯವಿಲ್ಲ. ಹೊಸ ಆವೃತ್ತಿಯ ಫಾಂಟನ್ನೇ ತರಿಸಬೇಕು. ಇನ್ನು ಕನ್ನಡವೆಲ್ಲ ಕಾಣುತ್ತಿದ್ದು ಅಂದಗೆಟ್ಟ ಫಾಂಟಿನಲ್ಲಿ ಕಾಣುತ್ತಿದ್ದರೆ, ‘ಎಫ್‌ಸಿ-ಮ್ಯಾಚ್’ ಆದೇಶಕ್ಕೂ ಮೇಲಿನಂತೆಯೇ ಕನ್ನಡದ ಗುರುತು ಕೊಟ್ಟು ವ್ಯವಸ್ಥೆ ಯಾವುದನ್ನು ಆರಿಸುತ್ತಿದೆ ಎಂದು ತಿಳಿಯಬಹುದು. ಬೇಡದ ಫಾಂಟಿನ ಪ್ಯಾಕೇಜನ್ನು ತೆಗೆದುಹಾಕುವುದು ಅತ್ಯಂತ ಸರಳ ಪರಿಹಾರ. ಫೈರ್‌ಫಾಕ್ಸಿನಲ್ಲಿ ಮಾತ್ರ ಬದಲಾಯಿಸುವುದಾದರೆ ಅದರ ಸೆಟಿಂಗ್ಸ್‌ನಲ್ಲಿ ಫಾಂಟುಗಳ ಹೆಚ್ಚಿನ ಆಯ್ಕೆಗಳನ್ನು ತೆರೆದು, ಲಿಪಿಗಳ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿ ಅದಕ್ಕೆ ಬೇಕಾದ ಫಾಂಟನ್ನು ಕೊಡಬಹುದು.

ಲಿಬ್ರೆ ಆಫೀಸ್ ಬಳಸುವವರಿಗೆ ಬೇರೆಯೇ ಒಂದು ತೊಡಕು ಎದುರಾಗುತ್ತದೆ. ಅದು ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿಸಿ, ಇಂಗ್ಲಿಷಿಗೆ ಒಂದು ಫಾಂಟು ಮತ್ತು ಗಾತ್ರ, ಈ ಗುಂಪಿಗೆ ಇನ್ನೊಂದು ಫಾಂಟು ಮತ್ತು ಗಾತ್ರ ಎಂದು ಎರಡು ಲೆಕ್ಕ ಇಡುತ್ತದೆ. ಶೈಲಿಯನ್ನು ತಿದ್ದುವಾಗ ಪಾಶ್ಚಾತ್ಯ ಲಿಪಿಯ ಗಾತ್ರವನ್ನು 14ಕ್ಕೆ ಏರಿಸಿದರೂ ಕನ್ನಡ 12ರಲ್ಲೇ ಉಳಿಯುವುದು ಇದರಿಂದಾಗಿ. ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ ಭಾಷೆಗಳ ವಿಭಾಗಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಆಯ್ಕೆಗೆ ಗುರುತು ಹಾಕಿ ಅದಕ್ಕೆ ಕನ್ನಡವನ್ನು ಭಾಷೆಯಾಗಿ ಕೊಟ್ಟರೆ ಶೈಲಿಯ ಕಿಟಕಿಯಲ್ಲಿ ಎರಡೂ ಸಾಲುಗಳು ಕಾಣಿಸಿಕೊಳ್ಳುತ್ತವೆ.

ಒತ್ತು, ಅರ್ಕಾವೊತ್ತು ಮತ್ತು ಕಾಣದ ಅಕ್ಷರ

ಜೋಡಣೆಯನ್ನು ಪರೀಕ್ಷಿಸಲು ವರ್ಣಮಾಲೆ ಟೈಪ್ ಮಾಡುವುದರಿಂದ ಪ್ರಯೋಜನವಿಲ್ಲ, ಬಿಡಿ ಅಕ್ಷರಗಳು ಎಲ್ಲ ಕಡೆಯೂ ಸರಿಯಾಗಿಯೇ ಕಾಣುತ್ತವೆ. ನಮ್ಮ ಊರುಗಳ ಹೆಸರುಗಳೇ ಒಳ್ಳೆಯ ಪರೀಕ್ಷೆ. ‘ಮೂರ್ನಾಡು’ ಎಂದು ಬರೆದರೆ ರಕಾರವು ಅರ್ಕಾವೊತ್ತಾಗಿ ‘ನಾ’ದ ಬಲಕ್ಕೆ ಸರಿಯಬೇಕು. ‘ನಾಪೋಕ್ಲು’ ಎಂಬಲ್ಲಿ ಲಕಾರದ ಒತ್ತು ‘ಕ’ದ ಕೆಳಗೆ ಇಳಿದು, ಉಕಾರದ ಕೊಂಬು ಪಕ್ಕದಲ್ಲಿ ಕೂರಬೇಕು. ‘ಗೋಣಿಕೊಪ್ಪಲು’ ಎಂಬಲ್ಲಿ ‘ಪ’ದ ಒತ್ತು ‘ಪ’ದ ಕೆಳಗಿರಬೇಕು. ಈ ಪದಗಳನ್ನು ಒಂದು ಕಡತದಲ್ಲಿ ಉಳಿಸಿ, ಅದನ್ನು ಪಠ್ಯ ಸಂಪಾದಕದಲ್ಲಿಯೂ ಫೈರ್‌ಫಾಕ್ಸಿನಲ್ಲಿಯೂ ತೆರೆದು ನೋಡಬೇಕು. ಈಗಿನ ಲಿನಕ್ಸ್‌ನಲ್ಲಿ ಈ ಜೋಡಣೆಯನ್ನು ಮಾಡುವುದು ಹೆಚ್ಚಾಗಿ ಹಾರ್ಫ್‌ಬಜ್ ಎಂಬ ತಂತ್ರಾಂಶ ಗ್ರಂಥಾಲಯ, ಅದನ್ನು ಗ್ನೋಮ್, ಕೆಡಿಇ ಡೆಸ್ಕ್‌ಟಾಪುಗಳು, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲವೂ ಬಳಸುತ್ತವೆ. ಆದ್ದರಿಂದ ಒಂದೆಡೆ ಸರಿಯಿದ್ದು ಇನ್ನೊಂದೆಡೆ ಕೆಟ್ಟರೆ ಸಂಶಯಿಸಬೇಕಾದ್ದು ಅಲ್ಲಿ ಆರಿಸಿದ ಫಾಂಟನ್ನು.

ಟರ್ಮಿನಲ್ ಇದಕ್ಕೆ ಹೊರತು. ಅದು ಪ್ರತಿ ಅಕ್ಷರಕ್ಕೂ ಸಮ ಅಗಲದ ಮನೆ ಎಂಬ ಲೆಕ್ಕದಲ್ಲಿ ನಡೆಯುತ್ತದೆ, ಕನ್ನಡದ ಗುಣಿತ ಒತ್ತುಗಳು ಆ ಲೆಕ್ಕಕ್ಕೆ ಒಗ್ಗುವುದಿಲ್ಲ. ಗ್ನೋಮ್ ಟರ್ಮಿನಲ್‌ನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಸೆಟಿಂಗ್ ತಿದ್ದುತ್ತಾ ಕೂರುವುದು ವ್ಯರ್ಥ. ಕೆಡಿಇಯ ಕಾನ್ಸೋಲ್ ಸ್ವಲ್ಪ ಮೇಲು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿದಾಗ ಬರುವ ಕಪ್ಪು ಪರದೆಯಲ್ಲಂತೂ ಕನ್ನಡ ಬರುವುದೇ ಇಲ್ಲ, ಏಕೆಂದರೆ ಅಲ್ಲಿಯ ಫಾಂಟಿನಲ್ಲಿ ಹೆಚ್ಚೆಂದರೆ 512 ರೂಪಗಳಿಗೆ ಮಾತ್ರ ಜಾಗವಿದೆ ಮತ್ತು ಜೋಡಣೆಯ ವ್ಯವಸ್ಥೆಯೇ ಇಲ್ಲ.

ಇನ್ನೊಂದು ಬಗೆಯ ತೊಂದರೆ ಕಣ್ಣಿಗೆ ಬೀಳದ ಅಕ್ಷರದಿಂದ ಬರುತ್ತದೆ. ‘ಐನ್‌ಮನೆ’ (ಒಕ್ಕದ ಮೂಲಮನೆ) ಎಂದು ಬರೆಯುವಾಗ ‘ನ್’ ಮತ್ತು ‘ಮ’ ನಡುವೆ ಜೋಡಣೆಯನ್ನು ತಡೆಯುವ, ಅಗಲವೇ ಇಲ್ಲದ ಸಂಕೇತವೊಂದು ಇರುತ್ತದೆ. ಯೂನಿಕೋಡಿನಲ್ಲಿ ಅದರ ಸ್ಥಾನ 200ಸಿ, ಯುಟಿಎಫ್-8 ಬೈಟುಗಳು ಇ2 80 8ಸಿ. ಅದು ಕಳಚಿಹೋದರೆ ಪದವು ‘ಐನ್ಮನೆ’ ಆಗುತ್ತದೆ. ‘ಕೈಲ್‌ಪೊಳ್ದ್’ ಎಂಬ ಹಬ್ಬದ ಹೆಸರಿಗೂ ಇದೇ ಗತಿ. ಕೊಡವ ಹೆಸರುಗಳಲ್ಲಿ ಅರ್ಧಾಕ್ಷರಗಳು ಹೆಚ್ಚಾಗಿರುವುದರಿಂದ ಒಕ್ಕದ ಹೆಸರುಗಳ ಪಟ್ಟಿಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಿದಾಗ ಇದು ಮೇಲಿಂದ ಮೇಲೆ ಎದುರಾಗುತ್ತದೆ. ಕಾಣದ ಅಕ್ಷರಗಳನ್ನು ‘ಶುಚಿಗೊಳಿಸುವ’ ಸೌಲಭ್ಯಗಳು ಇದನ್ನೂ ಕಸವೆಂದು ಗುಡಿಸಿಬಿಡುತ್ತವೆ. ಹುಡುಕಾಟದಲ್ಲಿ ಒಂದು ಹೆಸರು ಸಿಗುತ್ತಿಲ್ಲ, ಆದರೆ ಪಟ್ಟಿಯಲ್ಲಿ ಕಣ್ಣೆದುರಿಗೇ ಇದೆ ಎಂಬ ಸ್ಥಿತಿ ಬಂದರೆ ಎರಡೂ ಕಡೆಯ ಬೈಟುಗಳನ್ನು ಹೆಕ್ಸ್‌ಡಂಪಿನಲ್ಲಿ ಹೋಲಿಸಬೇಕು. ಮ್ಯಾಕ್‌ನಿಂದ ಬಂದ ಕಡತಗಳ ಹೆಸರಿನಲ್ಲಿ ಇದರದ್ದೇ ಇನ್ನೊಂದು ರೂಪ ಕಾಣಬಹುದು: ‘ಪೋ’ ಎಂಬಲ್ಲಿರುವ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಣುಕುಗಳಾಗಿಯೂ ಬರೆಯಬಹುದು, ನೋಟಕ್ಕೆ ಎರಡೂ ಒಂದೇ. ಅಂಥ ಹೆಸರುಗಳನ್ನು ‘ಕಾನ್ವ್‌ಎಂವಿ’ ಎಂಬ ಸಲಕರಣೆಯ ಎನ್ಎಫ್‌ಸಿ ಆಯ್ಕೆಯಿಂದ ಒಂದೇ ರೂಪಕ್ಕೆ ತರಬಹುದು.

ಚುಕ್ಕೆಗಳ ವೃತ್ತವೊಂದರ ಪಕ್ಕದಲ್ಲಿ ಗುಣಿತ ಚಿಹ್ನೆ ಒಂಟಿಯಾಗಿ ಕಂಡರೆ ಅದು ಬೆರಳಚ್ಚಿನ ತಪ್ಪು, ವ್ಯಂಜನವಿಲ್ಲದೆ ಗುಣಿತ ಬಂದಿದೆ. ಅಳಿಸಿ ಮತ್ತೆ ಬರೆದರಾಯಿತು.

ಹೊರಗಿನಿಂದ ಬಂದ ಕಡತಗಳು

ರೈಟರು ವಿಂಡೋಸಿನಿಂದ ಸಿಎಸ್‌ವಿಯಾಗಿ ಕಳುಹಿಸಿದ ಚೆಕ್‌ರೋಲನ್ನು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯುವಾಗ ಮೊದಲು ಬರುವ ಕಿಟಕಿಯಲ್ಲೇ ಅಕ್ಷರಸಮೂಹ ಯಾವುದೆಂದು ಕೇಳಲಾಗುತ್ತದೆ. ಅದನ್ನು ಓದದೆ ಸರಿ ಎಂದು ಒತ್ತುವ ಅಭ್ಯಾಸ ಬಿಡಬೇಕು. ಕೆಳಗೆ ಕಾಣುವ ಮಾದರಿಯಲ್ಲಿ ಕೂಲಿಯವರ ಹೆಸರುಗಳು ಗೀಟಿನ ‘ಎ’ಗಳಾಗಿ ಕಂಡರೆ ಯುನಿಕೋಡ್ ಯುಟಿಎಫ್-8 ಅನ್ನು ಆರಿಸಿದೊಡನೆ ಅಲ್ಲೇ ಸರಿಹೋಗುತ್ತವೆ.

ತಪ್ಪಾಗಿ ತೆರೆದು ಹಾಗೆಯೇ ಉಳಿಸಿಬಿಟ್ಟಿದ್ದರೆ ಕೆಲಸ ಕಷ್ಟವಾಗುತ್ತದೆ. ‘ಐಕಾನ್ವ್’ ಆದೇಶದಿಂದ ಯುಟಿಎಫ್-8ರಿಂದ ವಿಂಡೋಸ್-1252ಕ್ಕೆ ಹಿಂದಿರುಗಿಸಿದರೆ ಮೂಲ ಬೈಟುಗಳು ಮರಳಬೇಕು ಎಂಬುದು ತತ್ತ್ವ, ಆದರೆ ಕನ್ನಡಕ್ಕೆ ಇದು ಅರ್ಧದಲ್ಲಿ ಕೈಕೊಡುತ್ತದೆ. ವಿಂಡೋಸ್-1252ರಲ್ಲಿ 81, 8ಡಿ, 8ಎಫ್, 90, 9ಡಿ ಎಂಬ ಐದು ಸ್ಥಾನಗಳಿಗೆ ಅಕ್ಷರವೇ ಇಲ್ಲ. ಕನ್ನಡದ ಉಕಾರದ ಕೊಂಬಿನ ಕೊನೆಯ ಬೈಟು 81, ಅರ್ಧಾಕ್ಷರದ ಗುರುತಿನದು 8ಡಿ, ‘ಏ’ ಅಕ್ಷರದ್ದು 8ಎಫ್, ‘ಐ’ ಅಕ್ಷರದ್ದು 90, ‘ಝ’ ಅಕ್ಷರದ್ದು 9ಡಿ. ಉಕಾರವೂ ಒತ್ತಕ್ಷರವೂ ಇಲ್ಲದ ಕನ್ನಡ ವಾಕ್ಯ ಅಪರೂಪ. ‘ನಾಪೋಕ್ಲು’ ಎಂಬ ಒಂದು ಹೆಸರಿನಲ್ಲೇ ಎರಡೂ ಇವೆ. ಆದ್ದರಿಂದ ಐಕಾನ್ವ್ ಮಧ್ಯದಲ್ಲೇ ಪರಿವರ್ತಿಸಲಾಗದು ಎಂದು ನಿಲ್ಲುತ್ತದೆ, ಅಥವಾ ಆ ಬೈಟುಗಳು ಹಿಂದೆಯೇ ಉದುರಿಹೋಗಿದ್ದರೆ ಒತ್ತುಗಳೆಲ್ಲ ಮಾಯವಾದ ಪಠ್ಯ ಸಿಗುತ್ತದೆ. ಕಳುಹಿಸಿದವರಿಂದ ಮೂಲ ಕಡತವನ್ನು ಮತ್ತೊಮ್ಮೆ ತರಿಸಿಕೊಳ್ಳುವುದೇ ಲೇಸು.

ನುಡಿಯ ಹಳೆಯ ಕಡತಗಳಿಗೆ ಎರಡು ದಾರಿಗಳಿವೆ. ಆ ಫಾಂಟನ್ನೇ ಲಿನಕ್ಸಿಗೂ ಹಾಕಿಕೊಂಡರೆ ಓದಲು ಮುದ್ರಿಸಲು ತೊಂದರೆಯಿಲ್ಲ, ಆದರೆ ಒಳಗಿರುವುದು ಇಂಗ್ಲಿಷ್ ಸಂಕೇತಗಳೇ ಆದ್ದರಿಂದ ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಸಾಧ್ಯವಿಲ್ಲ. ವಂಶಾವಳಿಯಂಥ ಬಹುಕಾಲ ಉಳಿಯಬೇಕಾದ ದಾಖಲೆಯನ್ನು ಆಸ್ಕಿಯಿಂದ ಯೂನಿಕೋಡಿಗೆ ಪರಿವರ್ತಿಸಿಡುವುದೇ ಸರಿ. ಪರಿವರ್ತಿಸುವ ಮುನ್ನ ನಡುನಡುವೆ ಇರುವ ಇಂಗ್ಲಿಷ್ ಪದಗಳನ್ನು ಗುರುತು ಹಾಕಿ ಬೇರ್ಪಡಿಸಬೇಕು, ಇಲ್ಲವಾದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸುತ್ತದೆ. ಮೂಲದ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟು ಅರ್ಕಾವೊತ್ತುಗಳನ್ನು ಒಂದೊಂದಾಗಿ ತಾಳೆ ನೋಡಬೇಕು.

ಪೆನ್‌ಡ್ರೈವನ್ನು ಕಡತಗಳ ಕಿಟಕಿಯಿಂದ ತೆರೆದರೆ ಕನ್ನಡ ಹೆಸರುಗಳು ಸಾಮಾನ್ಯವಾಗಿ ಸರಿಯಾಗಿ ಬರುತ್ತವೆ. ಟರ್ಮಿನಲ್‌ನಲ್ಲಿ ‘ಮೌಂಟ್’ ಆದೇಶದಿಂದ ಜೋಡಿಸಿದಾಗ ಮಾತ್ರ ಹೆಸರುಗಳು ಪ್ರಶ್ನಾರ್ಥಕಗಳಾದರೆ, ಅದನ್ನು ಕಳಚಿ ‘ಹೈಫನ್ ಓ’ ಆಯ್ಕೆಯೊಂದಿಗೆ ‘ಯುಟಿಎಫ್8’ ಎಂದು ಹೈಫನ್ ಇಲ್ಲದೆ ಬರೆದು ಮತ್ತೆ ಜೋಡಿಸಬೇಕು.

ಟೈಪ್ ಮಾಡುವ ಕೀಲಿಮಣೆಗೆ ಐಬಸ್ ಮತ್ತು ‘ಐಬಸ್-ಎಂ17ಎನ್’ ಪ್ಯಾಕೇಜು ಹಾಕಿ, ಸೆಟಿಂಗ್ಸ್‌ನಲ್ಲಿ ಕನ್ನಡದ ಕೆಜಿಪಿ ವಿನ್ಯಾಸವನ್ನು ಸೇರಿಸಿಕೊಂಡರೆ ಸಾಕು. ನುಡಿಯಲ್ಲಿ ಕಲಿತವರಿಗೆ ಬೆರಳು ಬದಲಾಯಿಸುವ ಅಗತ್ಯ ಬೀಳುವುದಿಲ್ಲ.

ಮಡಿಕೇರಿಯ ಮುದ್ರಣದ ಅಂಗಡಿಗೆ ಪಿಡಿಎಫ್ ಕೊಡುವವರು ಹೊರಡುವ ಮುನ್ನ ‘ಪಿಡಿಎಫ್‌ಫಾಂಟ್ಸ್’ ಆದೇಶಕ್ಕೆ ಆ ಕಡತದ ಹೆಸರನ್ನು ಕೊಟ್ಟು ನೋಡಬೇಕು. ಬರುವ ಪಟ್ಟಿಯಲ್ಲಿ ‘ಇಎಂಬಿ’ ಎಂಬ ಕಂಬಸಾಲಿನ ಕೆಳಗೆ ಕನ್ನಡ ಫಾಂಟಿನ ಎದುರು ‘ಯೆಸ್’ ಎಂದಿದ್ದರೆ ಫಾಂಟು ಕಡತದೊಳಗೇ ಅಡಕವಾಗಿದೆ, ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಫಾಂಟು ಇರಲಿ ಬಿಡಲಿ ಅಚ್ಚು ಸರಿಯಾಗಿ ಬರುತ್ತದೆ. ‘ನೋ’ ಎಂದಿದ್ದರೆ ಲಿಬ್ರೆ ಆಫೀಸಿನ ಫೈಲ್ ಮೆನುವಿನಿಂದ ಪಿಡಿಎಫ್ ಆಗಿ ರಫ್ತು ಮಾಡಿ ಅದೇ ಕಂಬಸಾಲನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.